ಗಾಜಿನ ತೊಟ್ಟಿಯಲ್ಲಿ ಕಡಲು

ಕಡಲಿನ ಹವಳವನ್ನೂ ಬಣ್ಣದ ಮೀನುಗಳನ್ನೂ ಗಾಜಿನ ತೊಟ್ಟಿಯಲ್ಲಿ ಸಾಕುವುದು ವಿದ್ಯಾವಂತರಿಗೆ ಒಪ್ಪುವ ವಿನೋದವೆಂದೂ, ಮಕ್ಕಳಿಗೆ ಅದರಿಂದ ಪ್ರಕೃತಿಜ್ಞಾನವು ಲಭಿಸುವುದೆಂದೂ ಕೆಲವರು ವಾದಿಸುವುದುಂಟು. ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗಗಳಂತಹ ಮಳೆ ಕಡಮೆಯಾದ ಸೀಮೆಯಲ್ಲಿ ಈ ವಾದವು ನಿಲ್ಲಲಾರದು.

ಮೊದಲು ನೀರಿನ ವಿಚಾರ. 200 ಲೀಟರಿನ ತೊಟ್ಟಿಗೆ ಸುಮಾರು 7 ಕಿಲೋ ಕಡಲುಪ್ಪಿನ ಮಿಶ್ರಣ ಬೇಕು. ಅಡಿಗೆಯ ಉಪ್ಪು ಸಲ್ಲದು. ಕೊಳವೆಬಾವಿಯ ಗಡಸು ನೀರೂ ಸಲ್ಲದು. ಯಂತ್ರದಿಂದ ಶೋಧಿಸಿದ ನೀರೇ ಆಗಬೇಕು. ಅಂತಹ ಒಂದು ಕೊಡ ನೀರಿಗಾಗಿ ಎರಡು ಮೂರು ಕೊಡ ಹೊರಕ್ಕೆ ಹೋಗುವುದು. ಬೇಸಗೆಯಲ್ಲಿ ಆವಿಯಾದಷ್ಟನ್ನು ದಿನವೂ ತುಂಬಬೇಕು. ಹಿರಿಯೂರಿನ ವಾಣೀವಿಲಾಸ ಸಾಗರವು 1933ರಲ್ಲಿ ಕೋಡಿ ಬಿದ್ದ ಬಳಿಕ ಮತ್ತೆ ಕೋಡಿ ಬಿದ್ದುದು 2022ರಲ್ಲಿ. ಇದನ್ನು ಮರೆತವರಿಗೆ ಮಾತ್ರ ಈ ವ್ಯಯವು ಹಗುರವೆನಿಸೀತು.

ಇನ್ನು ಜ್ಞಾನದ ವಿಚಾರ. ಪೂರ್ವಿಕರು ನವರತ್ನಗಳಲ್ಲಿ ಎಣಿಸಿದ ಹವಳವು ಕಲ್ಲಲ್ಲ. ಸಣ್ಣ ಪ್ರಾಣಿಗಳು ಕಟ್ಟಿದ ಮನೆ. ದಿಬ್ಬ ಕಟ್ಟುವ ಹವಳಕ್ಕೆ ನೀರು 26 ಡಿಗ್ರಿಯ ಆಸುಪಾಸಿನಲ್ಲಿರಬೇಕು. ದುರ್ಗದ ಏಪ್ರಿಲಿನಲ್ಲಿ ವಿದ್ಯುತ್ತು ನಿಂತು ಬಿಸಿಯೇರಿದರೆ, ಅದು ತನಗೆ ಅನ್ನವೀಯುವ ಒಳಗಣ ಪಾಚಿಯನ್ನೇ ಹೊರದೂಡಿ ಬಿಳಿಚುವುದು, ಕಡೆಗೆ ಸಾಯುವುದು. ಮೇಲಾಗಿ ಇಂತಹ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಹುಲಿಯೊಡನೆ ಸೇರಿವೆ. ಕದ್ದು ತಂದ ಜೀವವನ್ನು ತೋರಿಸಿ ಮಕ್ಕಳಿಗೆ ಕಲಿಸುವ ವಿದ್ಯೆ ಯಾವುದು?

ಹವಳವನ್ನು ಕಾಣಬಯಸುವವರು ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪಕ್ಕೆ ಹೋಗಿ ಕಡಲಿನಲ್ಲಿಯೇ ಕಾಣಲಿ. ಮನೆಯಲ್ಲಿಯೇ ಮೀನು ಆಡಬೇಕೆಂಬವರಿಗೆ ಸಿಹಿನೀರಿನ ನಾಲ್ಕು ಮೀನು ಸಾಕು.