ನಾಟಿ ಕಾಲಕ್ಕೆ ಅಂಗನವಾಡಿ ಕಡೆಗೂ ಒಂದು ಕಣ್ಣಿರಲಿ

ಇವತ್ತು ಒಟ್ಲು, ಗೊಬ್ಬರ, ಹುಳ ಯಾವುದರ ವಿಷಯವೂ ಅಲ್ಲ. ಅಂಗನವಾಡಿ ಮಕ್ಕಳ ಆರೋಗ್ಯದ ವಿಷಯ. "ಅದು ಹೆಂಗಸರ ಸಮಾಚಾರ, ನಿನಗ್ಯಾಕಪ್ಪ" ಅನ್ನೋರು ಇದ್ದೀರಿ ಅಂತ ಗೊತ್ತು. ಪೂರ್ತಿ ಓದಿ, ಆಮೇಲೆ ಬೈರಿ. ಆಳು ಕರೆದು ನಾಟಿ ಮಾಡಿಸೋ ಪ್ರತಿಯೊಬ್ಬ ರೈತನಿಗೂ ಇದರಲ್ಲಿ ಪಾಲಿದೆ ಅನ್ನೋದು ನನ್ನ ವಾದ.

ನಮ್ಮ ತಾಲ್ಲೂಕಿನ ಹುಡುಗರಿಗೆ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಸಂಗತಿ ಇದೆ. ದೇಶದಲ್ಲಿ ಅಂಗನವಾಡಿ ಯೋಜನೆ ಶುರುವಾಗಿದ್ದು 1975ರ ಅಕ್ಟೋಬರ್ 2ರಂದು. ಮೊದಲು ಆರಿಸಿದ್ದು 33 ಕಡೆ ಮಾತ್ರ. ಕರ್ನಾಟಕದಲ್ಲಿ ಆರಿಸಿದ್ದು ನಮ್ಮ ಟಿ.ನರಸೀಪುರನ. 100 ಅಂಗನವಾಡಿಯಿಂದ ಶುರುವಾಗಿ ಈಗ ರಾಜ್ಯದ ಮೂಲೆಮೂಲೆಯಲ್ಲೂ ಇದೆ. ಐವತ್ತು ವರ್ಷ ಆಯ್ತು. ಈ ಐವತ್ತು ವರ್ಷದಲ್ಲಿ ಊರ ಜನ ಅಂಗನವಾಡಿ ಬಗ್ಗೆ ಕೇಳಿರೋ ಪ್ರಶ್ನೆ ಒಂದೇ: "ಏನು ಕೊಡ್ತಾರೆ?" ಕಾಳು ಕೊಟ್ರಾ, ಮೊಟ್ಟೆ ಕೊಟ್ರಾ, 2013ರಿಂದ ಹಾಲು ಕೊಡ್ತಾರಲ್ಲ ಅದು ನೀರಾಗಿದ್ಯಾ ಗಟ್ಟಿಯಾಗಿದ್ಯಾ. ಕೇಳಬೇಕು, ತಪ್ಪಿಲ್ಲ. ಆದರೆ ಕೊಟ್ಟಿದ್ದು ಮಗುವಿನ ಮೈಗೆ ಹತ್ತುತ್ತಾ ಅಂತ ಕೇಳೋರು ಕಮ್ಮಿ.

ಇದನ್ನ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೇರು ಕೊಳೆತಿರೋ ಸಸಿಗೆ ಯೂರಿಯಾ ಹಾಕಿದ್ರೆ ಏನಾಗುತ್ತೆ? ಗೊಬ್ಬರದ ದುಡ್ಡು ಹೋಗುತ್ತೆ, ಸಸಿನೂ ಹೋಗುತ್ತೆ. ಮಗುವಿನ ಕರುಳೂ ಹಂಗೇ. ಮೇಲಿಂದ ಮೇಲೆ ಭೇದಿ ಆದ ಮಗುವಿಗೆ ಮೊಟ್ಟೆ ಕೊಟ್ರೂ ಅದರ ಸತ್ವ ಪೂರ್ತಿ ಸಿಗಲ್ಲ. ಮಗು ಸೊರಗುತ್ತೆ. ಸೊರಗಿದ ಮಗುವಿಗೆ ಮತ್ತೆ ಬೇಗ ಕಾಯಿಲೆ ಹತ್ತುತ್ತೆ. ಹತ್ತಿಪ್ಪತ್ತು ಮಕ್ಕಳು ಒಂದೇ ಚಾಪೆ ಮೇಲೆ ಕೂತು, ಒಂದೇ ಆಟಿಕೆ ಬಾಯಿಗಿಟ್ಟು, ಒಂದೇ ಡ್ರಮ್ಮಿನ ನೀರು ಕುಡಿಯೋ ಜಾಗದಲ್ಲಿ ಒಂದು ಮಗುವಿನ ಕಾಯಿಲೆ ಎಲ್ಲರಿಗೂ ಹಬ್ಬಕ್ಕೆ ಎರಡು ದಿನ ಸಾಕು. ಒಟ್ಲಲ್ಲಿ ಒಂದು ಮೂಲೆಗೆ ರೋಗ ಬಿದ್ರೆ ಮಡಿಯೆಲ್ಲ ಓಡುತ್ತಲ್ಲ, ಹಂಗೆ.

ಈಗ ಕಾಲ ನೋಡಿ. ಕಾಲುವೆಗೆ ಹೊಸ ನೀರು ಬರೋದು, ಮಳೆ ಹಿಡ್ಕೊಳ್ಳೋದು, ನೊಣ ಹೆಚ್ಚೋದು, ಕುಡಿಯೋ ನೀರಿನ ಪೈಪು ಒಡೆದ ಕಡೆ ಚರಂಡಿ ನೀರು ಸೇರೋದು, ಎಲ್ಲ ಜುಲೈ ಆಗಸ್ಟಲ್ಲಿ. ಮಕ್ಕಳಿಗೆ ವಾಂತಿ ಭೇದಿ ಜಾಸ್ತಿ ಆಗೋ ಕಾಲ ಇದೇ. ನಮ್ಮ ನಾಟಿ ಕಾಲವೂ ಇದೇ. ಅಂದ್ರೆ ಮಗು ಮನೇಲಿ ಉಳೀಬೇಕಾದ ದಿನಗಳಲ್ಲೇ ತಾಯಿ ಗದ್ದೇಲಿ ಇರ್ತಾಳೆ. ಇಡೀ ಸಮಸ್ಯೆ ಇಲ್ಲಿ ಬಂದು ನಿಲ್ಲುತ್ತೆ.

ಹಸುಗೆ ಕಾಲುಬಾಯಿ ಜ್ವರ ಬಂದ್ರೆ ನಾವು ಏನು ಮಾಡ್ತೀವಿ? ಕೊಟ್ಟಿಗೆಯಿಂದ ಆಚೆ ಕಟ್ತೀವಿ. ನೀರಿನ ತೊಟ್ಟಿ ಬೇರೆ ಮಾಡ್ತೀವಿ. ಪಕ್ಕದ ಮನೆಯವನು ಹಂಗೆ ಮಾಡದಿದ್ರೆ ಹೋಗಿ ಜಗಳ ಆಡ್ತೀವಿ. ಆದರೆ ರಾತ್ರಿಯೆಲ್ಲ ಜ್ವರ ಬಂದ ಮಗುವಿಗೆ ಬೆಳಿಗ್ಗೆ ಒಂದು ಮುಚ್ಚಳ ಸಿರಪ್ ಕುಡಿಸಿ ಅಂಗನವಾಡಿಗೆ ಬಿಟ್ಟು ಹೋಗೋದನ್ನ ಊರೇ ನೋಡುತ್ತೆ, ಯಾರೂ ಮಾತಾಡಲ್ಲ. ಹನ್ನೊಂದು ಗಂಟೆಗೆ ಔಷಧಿ ಇಳಿದು ಮಗು ಮತ್ತೆ ಕೆಂಡದ ಹಾಗೆ ಕಾದಿರುತ್ತೆ. ಟೀಚರ್ ಫೋನ್ ಮಾಡಿದ್ರೆ ತಾಯಿಯ ಫೋನು ಗದ್ದೆ ಬದುವಿನ ಮೇಲೆ ಸೀರೆ ಗಂಟಲ್ಲಿ ಇರುತ್ತೆ.

ಹೋದ ವರ್ಷ ನಮ್ಮ ಗದ್ದೆಗೆ ನಾಟಿಗೆ ಬಂದಿದ್ದ ಒಬ್ಬ ಹೆಣ್ಣುಮಗಳಿಗೆ ಇದನ್ನೇ ಕೇಳ್ದೆ. ಅವಳಂದಳು, "ಅಣ್ಣ, ಮಗಿನ ಮನೇಲಿ ಬುಟ್ರೆ ನೋಡೋರ್ಯಾರು? ನಾನ್ ಉಳ್ಕಂಡ್ರೆ ಕೂಲಿ ಕೊಡೋರ್ಯಾರು?" ಅತ್ತೆಗೆ ಕಣ್ಣು ಕಾಣಲ್ಲ, ಗಂಡ ಬೆಂಗಳೂರಲ್ಲಿ ಗಾರೆ ಕೆಲಸ. ಅವಳ ಮಾತಿಗೆ ಎದುರು ಹೇಳೋಕೆ ಏನೂ ಇರಲಿಲ್ಲ. "ಕಾಯಿಲೆ ಮಗುವನ್ನ ಕಳಿಸಬೇಡಿ" ಅಂತ ಗೋಡೆ ಮೇಲೆ ಬರೆಯೋದು ಸುಲಭ. ಮನೇಲಿ ಅಜ್ಜಿ ಗಟ್ಟಿಯಾಗಿರೋರಿಗೆ ಆ ನಿಯಮ, ಕೂಲಿಯಿಂದ್ಲೇ ಒಲೆ ಉರಿಯೋ ಮನೆಗೆ ಅದು ದಂಡ.

ಅದಕ್ಕೇ ನಾನು ಹೇಳೋದು, ಈ ನಿಯಮ ನಿಲ್ಲಬೇಕಾದ್ರೆ ಅರ್ಧ ಭಾರ ಕೆಲಸಕ್ಕೆ ಕರೆಯೋ ನಾವು ಹೊರಬೇಕು. ಲೆಕ್ಕ ಹಾಕಿ ನೋಡಿ. ಒಂದು ದಿನಕ್ಕೆ 12 ಆಳು ನಾಟಿಗೆ ಬಂದ್ರು ಅಂತ ಇಟ್ಕೊಳ್ಳಿ. ಅವರಲ್ಲಿ ಒಬ್ಬಳ ಮಗುವಿಗೆ ಜ್ವರ, ಅವಳು ಉಳ್ಕೊಂಡಳು. ಅವಳಿಗೆ ಅರ್ಧ ಕೂಲಿ ಕೊಟ್ರೆ ಆ ದಿನದ ಕೂಲಿ ಖರ್ಚಿನ ಮೇಲೆ ಬೀಳೋದು ನೂರಕ್ಕೆ ನಾಲ್ಕು ರೂಪಾಯಿ ಚಿಲ್ಲರೆ. ಅದೂ ಪ್ರತಿ ದಿನ ಅಲ್ಲ, ಒಂದು ನಾಟಿ ಹಂಗಾಮಿಗೆ ಒಂದೆರಡು ಸಲ. ಗುತ್ತಿಗೆ ಕೊಡೋದಾದ್ರೆ ಗುಂಪು ಕರ್ಕೊಂಡು ಬರೋರ ಹತ್ರ ಮೊದಲೇ ಮಾತಾಡಿ: ಮಗು ಕಾಯಿಲೆ ಅಂತ ಯಾರಾದ್ರೂ ಉಳಿದ್ರೆ ಗುತ್ತಿಗೆ ದುಡ್ಡಿನ ಮೇಲೆ ಅವಳ ಅರ್ಧ ಕೂಲಿ ನನ್ನದು, ಮಾರನೇ ದಿನ ಅವಳನ್ನ ಗುಂಪಿಂದ ಬಿಡಬೇಡಿ ಅಂತ.

"ಆಳೇ ಸಿಗಲ್ಲ, ಇದರ ಮೇಲೆ ಇದೊಂದು" ಅಂತೀರಿ. ಆಳು ಸಿಗಲ್ಲ ಅಂತಲೇ ಹೇಳ್ತಿರೋದು. ಒಂದು ಮಗುವಿನ ಭೇದಿ ಅಂಗನವಾಡೀಲಿ ಐದು ಮಕ್ಕಳಿಗೆ ಹಬ್ಬಿದ್ರೆ ಮುಂದಿನ ವಾರ ಐದು ತಾಯಂದಿರು ಆಸ್ಪತ್ರೇಲಿ ಕೂತಿರ್ತಾರೆ. ಒಬ್ಬಳು ಎರಡು ದಿನ ಉಳಿಯೋದು ಲಾಭವೋ, ಐವರು ನಾಲ್ಕು ದಿನ ಉಳಿಯೋದು ಲಾಭವೋ? ದಯೆ ಧರ್ಮ ಪಕ್ಕಕ್ಕಿಡಿ, ಇದು ಬರೀ ಲೆಕ್ಕ.

ಹಂಗಂತ ಮೂಗಲ್ಲಿ ಸಿಂಬಳ ಬಂದ ಮಗುವನ್ನೆಲ್ಲ ಮನೇಲಿ ಕೂರಿಸಬೇಕು ಅಂತಲ್ಲ. ಸಣ್ಣ ನೆಗಡಿ, ಆಡ್ತಾ ಉಣ್ತಾ ಇರೋ ಮಗು ಹೋಗಲಿ. ಜ್ವರ, ವಾಂತಿ, ದಿನಕ್ಕೆ ಮೂರು ಸಲಕ್ಕಿಂತ ನೀರು ಭೇದಿ, ಜ್ವರದ ಜೊತೆ ಮೈಮೇಲೆ ಗುಳ್ಳೆ, ಇವಿದ್ರೆ ಮನೆ. ಔಷಧಿ ಇಲ್ಲದೆ ಒಂದು ಪೂರ್ತಿ ದಿನ ಜ್ವರ ಬರಲಿಲ್ಲ ಅಂದ್ರೆ ಕಳಿಸಬಹುದು. ಭೇದಿ ವಾಂತಿ ನಿಂತ ಮೇಲೂ ಒಂದೆರಡು ದಿನ ಬಿಟ್ಟು ಕಳಿಸೋದು ಒಳ್ಳೇದು.

ಇನ್ನೊಂದು ಗೊಂದಲ ಬಿಡಿಸ್ತೀನಿ. ಮಕ್ಕಳಿಗೆ ಅಂಗೈ, ಅಂಗಾಲಲ್ಲಿ ಗುಳ್ಳೆ, ಬಾಯಲ್ಲಿ ಹುಣ್ಣು ಬರುತ್ತಲ್ಲ, ಡಾಕ್ಟ್ರು ಕೈ ಕಾಲು ಬಾಯಿ ರೋಗ ಅಂತಾರೆ. ಅದಕ್ಕೂ ದನದ ಕಾಲುಬಾಯಿ ಜ್ವರಕ್ಕೂ ಸಂಬಂಧ ಇಲ್ಲ. ವೈರಸ್ಸೇ ಬೇರೆ. ಹಸು ಇರೋ ಮನೆ ಮಗು ಅಂತ ದೂರ ಇಡೋದು ಬೇಡ. ಅದು ಮಗುವಿಂದ ಮಗುವಿಗೆ ಎಂಜಲು, ಗುಳ್ಳೆಯ ನೀರು, ಮಲದ ಮೂಲಕ ಹರಡುತ್ತೆ. ಸಾಮಾನ್ಯವಾಗಿ ವಾರ ಹತ್ತು ದಿನದಲ್ಲಿ ತಾನೇ ವಾಸಿ ಆಗುತ್ತೆ. ಬಾಯಿ ಹುಣ್ಣಿಗೆ ಮಗು ನೀರು ಕುಡಿಯಲ್ಲ, ಅದನ್ನ ನೋಡ್ಕೋಬೇಕು ಅಷ್ಟೆ.

ಭೇದಿ ಶುರುವಾದ ಕೂಡಲೇ ಓಆರ್‌ಎಸ್. ಆಶಾ ಹತ್ರ ಪುಕ್ಕಟೆ ಸಿಗುತ್ತೆ. ದೊಡ್ಡ ಪ್ಯಾಕೆಟ್ ಪೂರ್ತಿ, ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ. ಒಂದು ಲೋಟಕ್ಕೆ ಒಂದು ಚಿಟಿಕೆ ಹಾಕೋದಲ್ಲ. ಕಲಸಿದ್ದು 24 ಗಂಟೆ ಆದ್ರೆ ಚೆಲ್ಲಿ. ಜೊತೆಗೆ ಜಿಂಕ್ ಮಾತ್ರೆ 14 ದಿನ, ಭೇದಿ ನಿಂತ್ರೂ ಬಿಡಬಾರದು. ಭತ್ತಕ್ಕೆ ಜಿಂಕ್ ಕೊರತೆ ಆದ್ರೆ ಎಕರೆಗೆ ಇಷ್ಟು ಕೆಜಿ ಅಂತ ಅಂಗಡೀಲಿ ನಿಂತು ಲೆಕ್ಕ ಹೇಳ್ತೀವಿ, ಮಗುವಿನ ಜಿಂಕ್ ಮೂರು ದಿನಕ್ಕೆ ನಿಲ್ಲಿಸಿಬಿಡ್ತೀವಿ. ಎದೆಹಾಲು, ಊಟ ನಿಲ್ಲಿಸೋದು ಬೇಡ. ಮಗು ಏನೂ ಕುಡೀತಿಲ್ಲ, ಕುಡಿದಿದ್ದೆಲ್ಲ ಕಕ್ಕುತ್ತೆ, ಕಣ್ಣು ಗುಳಿ ಬಿದ್ದಿದೆ, ಮಲದಲ್ಲಿ ರಕ್ತ, ಫಿಟ್ಸ್, ಎಬ್ಬಿಸಿದ್ರೂ ಏಳ್ತಿಲ್ಲ, ಉಸಿರು ಜೋರಾಗಿ ಪಕ್ಕೆ ಒಳಗೆ ಎಳೀತಿದೆ ಅಂದ್ರೆ ಯಾವ ನಾಟಿಯೂ ಬೇಡ, ಗಾಡಿ ತೆಗೀರಿ, ಆಸ್ಪತ್ರೆಗೆ ಹೋಗಿ.

ಈಗ ಅಂಗನವಾಡಿ ಒಳಗಿನ ಮಾತು. ಅಲ್ಲಿರೋದು ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ಮಗುವಿನ ಕುಂಡೆ ತೊಳೆಯೋ ಕೈಯೂ ಆ ಸಹಾಯಕಿದೇ, ಅನ್ನ ಬಡಿಸೋ ಕೈಯೂ ಅವಳದೇ. ಇದು ಅವಳ ತಪ್ಪಲ್ಲ, ಅಲ್ಲಿ ಇನ್ನೊಂದು ಕೈ ಇಲ್ಲ. ಮಧ್ಯೆ ಇರಬೇಕಾದ್ದು ಸೋಪು ಮತ್ತು ಹರಿಯೋ ನೀರು. ಸೋಪು ಹಾಕಿ ಕೈ ತೊಳೆಯೋ ಅಭ್ಯಾಸ ಒಂದರಿಂದಲೇ ಭೇದಿಯಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ತಪ್ಪಿಸಬಹುದು ಅಂತ ಪರೀಕ್ಷೆ ಮಾಡಿದವರು ಹೇಳ್ತಾರೆ. ಬಕೆಟ್ಟಲ್ಲಿ ಹತ್ತು ಮಕ್ಕಳ ಕೈ ಅದ್ದಿಸಿದ್ರೆ ತೊಳೆದಂಗಲ್ಲ, ಹಂಚಿದಂಗೆ. ಸೋಪಿಗೆ ದುಡ್ಡು ಬರುತ್ತಾ ಇಲ್ವಾ ಅಂತ ವಾದ ಮಾಡೋ ಬದಲು ವಾರಕ್ಕೊಂದು ಮನೆ ಒಂದು ಸೋಪು ಕೊಟ್ರೆ ಆಯ್ತು. ಹೊರಗಿಟ್ರೆ ಕಾಗೆ ಎತ್ಕೊಂಡು ಹೋಗುತ್ತೆ, ಈರುಳ್ಳಿ ಬರೋ ಬಲೆ ಚೀಲದಲ್ಲಿ ಹಾಕಿ ನಲ್ಲಿಗೆ ಕಟ್ಟಿ. ಕುಡಿಯೋ ನೀರಿನ ಡ್ರಮ್ಮಿಗೆ ಮುಚ್ಚಳ ಮತ್ತು ನಲ್ಲಿ ಇರಲಿ, ಲೋಟ ಅದ್ದೋದು ನಿಲ್ಲಲಿ. ನಲ್ಲಿ, ಶೌಚಾಲಯ ರಿಪೇರಿ ಮಾಡಿಸೋದು ಪಂಚಾಯಿತಿ ಕೆಲಸ, ಅದನ್ನ ಗ್ರಾಮಸಭೇಲಿ ಕೇಳಿ. ಪ್ರತಿ ಅಂಗನವಾಡಿಗೂ ಬಾಲವಿಕಾಸ ಸಮಿತಿ ಅಂತ ಇದೆ. ಅಪ್ಪಂದಿರು, ತಾತಂದಿರು ಅದರ ಸಭೆಗೆ ಹೋದ್ರೆ ಯಾರೂ ಬೇಡ ಅನ್ನಲ್ಲ.

ತೋಳಿನ ಪಟ್ಟಿ ಅಳತೆ ಬಗ್ಗೆನೂ ಕೇಳಿ. ಆರು ತಿಂಗಳಿಂದ ಐದು ವರ್ಷದ ಮಗುವಿನ ರಟ್ಟೆ ಸುತ್ತಳತೆ 12.5 ಸೆಂಟಿಮೀಟರಿಗಿಂತ ಕಮ್ಮಿ ಇದ್ರೆ ಸೊರಗಿದೆ, 11.5ಕ್ಕಿಂತ ಕಮ್ಮಿ ಇದ್ರೆ ಅಪಾಯ, ಆಸ್ಪತ್ರೆಗೆ ತೋರಿಸಬೇಕು. ಜಂತುಹುಳದ ಮಾತ್ರೆ ಕೊಡೋ ದಿನ ಮಗುವನ್ನ ತಪ್ಪಿಸಬೇಡಿ. ತಾಯಿ ಕಾರ್ಡು ತೆಗೆದು ದಡಾರದ ಎರಡನೇ ಚುಚ್ಚುಮದ್ದು ಒಂದೂವರೆ ವರ್ಷದ ಸುಮಾರಿಗೆ ಆಗಿದ್ಯಾ ನೋಡಿ. ಮೊದಲನೇದು ಹಾಕಿಸಿ ಎರಡನೇದು ಮರೆಯೋರು ಬಹಳ ಜನ.

ಕೊನೇದಾಗಿ ನಮ್ಮ ಕೈಲಿರೋ ಔಷಧಿ. ಅಂಗನವಾಡಿ ಪಕ್ಕದ ಗದ್ದೆಗೆ ಮಕ್ಕಳು ಇರೋ ಹೊತ್ತಲ್ಲಿ ಹೊಡೀಬೇಡಿ. ಬೆಳಿಗ್ಗೆ ಬೇಗ, ಇಲ್ಲ ಮಕ್ಕಳು ಹೋದ ಮೇಲೆ ಸಾಯಂಕಾಲ ಗಾಳಿ ನಿಂತಾಗ ಹೊಡೀರಿ, ಬೆಳೆಗೂ ಅದೇ ಒಳ್ಳೇದು. ಔಷಧಿ ಹೊಡೆದ ಬಟ್ಟೇಲಿ ಹೋಗಿ ಮಗು ಎತ್ಕೋಬೇಡಿ. ಖಾಲಿ ಕ್ಯಾನು ಚೆನ್ನಾಗಿದೆ ಅಂತ ತೊಳೆದು ಅಂಗನವಾಡಿಗಾಗಲಿ, ಶಾಲೆಗಾಗಲಿ, ಮನೆಗಾಗಲಿ ಕೊಡಬೇಡಿ. 2013ರ ಜುಲೈಯಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಒಂದು ಶಾಲೇಲಿ ಬಿಸಿಯೂಟ ಉಂಡು 23 ಮಕ್ಕಳು ಸತ್ತರು. ಅಡುಗೆ ಎಣ್ಣೇಲಿ ಸಿಕ್ಕಿದ್ದು ಮೋನೋಕ್ರೋಟೋಫಾಸ್. ನಮಗೆಲ್ಲ ಚೆನ್ನಾಗಿ ಗೊತ್ತಿರೋ ಹೆಸರೇ. ಕ್ಯಾನು ಎಷ್ಟು ತೊಳೆದ್ರೂ ಅದು ವಿಷದ ಕ್ಯಾನೇ. ಮೂರು ಸಲ ತೊಳೆದು, ಆ ನೀರು ಸ್ಪ್ರೇಯರಿಗೇ ಹಾಕಿ, ಕ್ಯಾನಿಗೆ ತೂತು ಹೊಡೆದು ಬಿಡಿ.

ಇದೇ ಮಾತು ಕೂಸಿನ ಮನೆಗೂ ಅನ್ವಯ. ನರೇಗಾ ಕೆಲಸಕ್ಕೆ ಹೋಗೋ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳಿಗೆ ಅಂತ 2023ರ ಬಜೆಟ್ಟಲ್ಲಿ 4000 ಪಂಚಾಯಿತಿಗೆ ಹೇಳಿದ್ರಲ್ಲ, ಅದು. ಅಲ್ಲಿರೋದು ಇನ್ನೂ ಸಣ್ಣ ಕೂಸುಗಳು, ಸಿಕ್ಕಿದ್ದೆಲ್ಲ ಬಾಯಿಗೇ ಹೋಗೋದು. ಹುಷಾರು ಇನ್ನೂ ಹೆಚ್ಚು ಬೇಕು.

ಸರ್ಕಾರ ಕಟ್ಟಡ ಕೊಡಬಹುದು, ಕಾಳು ಕೊಡಬಹುದು, ಲಸಿಕೆ ಕೊಡಬಹುದು. ಜ್ವರದ ಮಗುವನ್ನ ಮಡಿಲಲ್ಲಿ ಇಟ್ಕೊಂಡು ಒಂದು ದಿನ ಮನೇಲಿ ಕೂರೋಕೆ ತಾಯಿಗೆ ಧೈರ್ಯ ಕೊಡೋದು, ಅವಳನ್ನ ಕೆಲಸಕ್ಕೆ ಕರೆಯೋನು ಮಾತ್ರ. ನಮ್ಮ ಬೀದಿಯಲ್ಲಿ ನಾವು ನಾಲ್ಕು ಮನೆಯವರು ಈ ಸಲದ ನಾಟಿಗೆ ಅರ್ಧ ಕೂಲಿ ಮಾತು ಒಪ್ಕೊಂಡಿದ್ದೀವಿ. ನಿಮ್ಮೂರಲ್ಲೂ ಗುಂಪಿನವರ ಹತ್ರ ನಾಟಿ ದಿನ ಗೊತ್ತು ಮಾಡುವಾಗಲೇ ಈ ಮಾತು ಆಡಿ. ನಾಟಿ ಶುರುವಾದ ಮೇಲೆ ಯಾರಿಗೂ ಪುರುಸೊತ್ತು ಇರಲ್ಲ.