ನೋಡದ ಊರಿಗೆ ಬರೆದ ನಕ್ಷೆ

ಮುಂಬಯಿಯ ಓವಲ್ ಮೈದಾನದಲ್ಲಿ ನಿಂತು ಪೂರ್ವಕ್ಕೆ ಮುಖಮಾಡಿದವರ ಕಣ್ಣಿಗೆ ಮೊದಲು ಬೀಳುವ ರಾಜಾಬಾಯಿ ಗೋಪುರವು ವಿಶ್ವವಿದ್ಯಾನಿಲಯದ ಪುಸ್ತಕಭಂಡಾರದ ಮುಖಮಂಟಪವೆಂಬುದು ಥಟ್ಟನೆ ಹೊಳೆಯುವುದಿಲ್ಲ. 280 ಅಡಿ ಎತ್ತರದ ಮುಖಮಂಟಪ! ಬುಡದಲ್ಲಿ ಚೌಕವಾಗಿ, ಸಾರೋಟುಗಳು ಬಂದು ನಿಲ್ಲುವಂತೆ ಕಮಾನುಗಳನ್ನು ತೆರೆದು, ಮೇಲೇರುತ್ತ ಎಂಟು ಮೂಲೆಯಾಗಿ ಕಿರಿದಾಗುವ ಈ ರಚನೆಯ ನಕ್ಷೆ ಲಂಡನ್ನಿನ ಸರ್ ಜಾರ್ಜ್ ಗಿಲ್ಬರ್ಟ್ ಸ್ಕಾಟ್ ಅವರದು. ಅವರು ಒಮ್ಮೆಯಾದರೂ ಭಾರತಕ್ಕೆ ಬಂದವರಲ್ಲ. 1869ರಲ್ಲಿ ಅಸ್ತಿಭಾರ ಹಾಕಿದ ಗೋಪುರ ಪೂರ್ಣವಾದುದು 1878ರ ನವೆಂಬರಿನಲ್ಲಿ. ಅದೇ ವರ್ಷದ ಮಾರ್ಚಿಯಲ್ಲಿ ಸ್ಕಾಟರು ತೀರಿಕೊಂಡಿದ್ದರು.

ಇನ್ನು ಹಣದ ಕಥೆ. ಅಮೆರಿಕದ ಅಂತರ್ಯುದ್ಧದಿಂದಾಗಿ ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ತಲುಪದೆ, ಮುಂಬಯಿಯ ಹತ್ತಿಗೆ ಬಂಗಾರದ ಬೆಲೆ ಬಂದಿತು. ಆ ಏರುಕಾಲದ ಸಾಹುಕಾರರಲ್ಲಿ ಅಗ್ರಗಣ್ಯರು ಪ್ರೇಮಚಂದ ರಾಯಚಂದರು. 1864ರಲ್ಲಿ ಅವರು ಪುಸ್ತಕಭಂಡಾರಕ್ಕೆ ಎರಡು ಲಕ್ಷ, ತಾಯಿ ರಾಜಾಬಾಯಿಯ ಹೆಸರಿನ ಗೋಪುರಕ್ಕೆ ಮತ್ತೆರಡು ಲಕ್ಷ ರೂಪಾಯಿ ಕೊಟ್ಟರು. ಮರುವರ್ಷ ಯುದ್ಧ ನಿಂತಿತು. ಹತ್ತಿಯ ಬೆಲೆ ಕುಸಿಯಿತು. ಪ್ರೇಮಚಂದರ ಐಶ್ವರ್ಯವೂ ಕರಗಿತು. ಇಟ್ಟುಕೊಂಡದ್ದು ಹೋಗಿ, ಕೊಟ್ಟದ್ದು ಕಲ್ಲಾಗಿ ನಿಂತಿತು. ಕಣ್ಣು ಕಾಣದ ತಾಯಿ ಜೈನಧರ್ಮದ ನಿಯಮದಂತೆ ಸೂರ್ಯಾಸ್ತಕ್ಕೆ ಮುನ್ನ ಉಣಬೇಕಾದ್ದರಿಂದ, ಆಕೆಗೆ ಹೊತ್ತು ತಿಳಿಸಲೆಂದೇ ಮಗ ಗಂಟೆ ಕಟ್ಟಿಸಿದನೆಂದು ಪ್ರತೀತಿ. ಇಂಥ ಕಥೆಗೆ ದಾಖಲೆ ಕೇಳುವುದು ಅರಸಿಕತನವಾದೀತು.

ಪಕ್ಕದ ಘಟಿಕೋತ್ಸವ ಭವನವೂ ಸ್ಕಾಟರ ಕಲ್ಪನೆಯೇ; ಕಾವಸ್‌ಜಿ ಜಹಾಂಗೀರರ ದಾನದಿಂದ ಎದ್ದು 1874ರಲ್ಲಿ ಪೂರ್ಣವಾಯಿತು. ಫ್ರಾನ್ಸಿನ ಇಗರ್ಜಿಯೊಂದನ್ನು ಕಡಲು ದಾಟಿಸಿ ತಂದಂತಿದ್ದರೂ, ಅದರ ದುಂಡುಗಿಟಕಿಯ ಬಣ್ಣದ ಗಾಜಿನಲ್ಲಿರುವುದು ಸಂತರಲ್ಲ, ಹನ್ನೆರಡು ರಾಶಿಗಳು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾನಿಲಯ ಸ್ಥಾಪನೆಯಾಗುವ ತನಕ ಧಾರವಾಡ, ಬೆಳಗಾವಿ, ವಿಜಾಪುರಗಳ ನಮ್ಮ ಹಿರಿಯರು ಪಡೆದ ಪದವಿಗಳೂ ಈ ಮುಂಬಯಿ ವಿಶ್ವವಿದ್ಯಾನಿಲಯದವೇ.

ಸ್ಕಾಟರ ಗೆರೆಗಳಿಗೆ ಇಲ್ಲಿಯ ಜೀವ ತುಂಬಿದವರು ಇಲ್ಲಿಯವರೇ ಎನ್ನುವುದು ನನ್ನ ಮಟ್ಟಿಗೆ ದೊಡ್ಡ ಸಂಗತಿ. ಕಲ್ಲು ಕುರ್ಲಾದ ತಿಳಿಹಳದಿಯ ಕಲ್ಲು. ಬಿಸಿಲಿಗೂ ಮಳೆಗೂ ಒದಗುವಂತೆ ಆಳವಾದ ಕಮಾನು ಪಡಸಾಲೆಗಳು; ಗೋಡೆಯ ಹೊರಗೇ ಸುತ್ತಿ ಏರುವ, ಗಾಳಿಯಾಡುವ ಸುರುಳಿ ಮೆಟ್ಟಿಲುಗಳು. ಗೋಪುರದ ಮೇಲ್ಭಾಗದಲ್ಲಿ ಪಶ್ಚಿಮ ಭಾರತದ ಜಾತಿ ಜನಾಂಗಗಳನ್ನು ಬಿಂಬಿಸುವ ಇಪ್ಪತ್ತನಾಲ್ಕು ಪ್ರತಿಮೆಗಳಿವೆ. ಅವನ್ನು ರೂಪಿಸಿದವರು ಮುಕುಂದ ರಾಮಚಂದ್ರ ಎಂಬ ಸಹಾಯಕ ಎಂಜಿನಿಯರು. ಯೂರೋಪಿನಲ್ಲಾದರೆ ದೇವದೂತರೂ ಅರಸರೂ ನಿಲ್ಲುತ್ತಿದ್ದ ಎಡೆಯಲ್ಲಿ ಇಲ್ಲಿ ಪಾರ್ಸಿಯೂ ಗುಜರಾತಿನ ವರ್ತಕನೂ ಮರಾಠನೂ ನಿಂತಿದ್ದಾರೆ. ಜನರನ್ನು ಜಾತಿವಾರು ಎಣಿಸಿಡುವ ಆಳರಸರ ಚಟ ಅದರಲ್ಲಿದೆ, ನಿಜ. ಆದರೂ ಮುಂಡಾಸಿನ ಸುತ್ತು, ಅಂಗಿಯ ನೆರಿಗೆಗಳು ಪೇಟೆಬೀದಿಯನ್ನು ಕಂಡು ಬಲ್ಲ ಕೈಯ ಕೆಲಸ. ಅವು ಲಂಡನ್ನಿನ ಕಾಗದದಲ್ಲಿ ಹುಟ್ಟಲಾರವು.

ಗೋಪುರದ ಜೀರ್ಣೋದ್ಧಾರ 2015ರಲ್ಲಿ ಮುಗಿಯಿತು. 2018ರಲ್ಲಿ ಮೈದಾನದ ಸುತ್ತಣ ಕಟ್ಟಡಗಳೊಡನೆ ಇದೂ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಮುಂಬಯಿಗೆ ಹೋಗುವ ವಾಚಕರು ಸಾಯಂಕಾಲದ ಹೊತ್ತಿಗೆ ಮೈದಾನಕ್ಕೆ ಬರುವುದು ಒಳ್ಳೆಯದು. ಆಗ ಪಶ್ಚಿಮದ ಬಿಸಿಲು ನೇರವಾಗಿ ಕಲ್ಲಿನ ಮೇಲೆ ಬೀಳುತ್ತದೆ. ಪ್ರತಿಮೆಗಳು ಬಹಳ ಎತ್ತರದಲ್ಲಿವೆ. ಒಂದು ದುರ್ಬೀನು ಕೈಯಲ್ಲಿರಲಿ.