ತಿಳಿನೀರೆಲ್ಲ ಕುಡಿಯುವ ನೀರಲ್ಲ

"ಟೀಚರೇ, ಒಮ್ಮೆ ಬಂದು ಹೋಗಿ. ಮಗನ ಕಣ್ಣು ಅರಸಿನ ಮೆತ್ತಿದ ಹಾಗೆ ಕಾಣುತ್ತಿದೆ."

ಜನವರಿ ತಿಂಗಳ ಒಂದು ಬೆಳಿಗ್ಗೆ ಶಾಲೆಗೆ ಹೊರಡುವ ಗಡಿಬಿಡಿಯಲ್ಲಿದ್ದೆ. ನೆರೆಮನೆಯಾಕೆ ಬೇಲಿಯಾಚೆಯಿಂದ ಕರೆದರು. ಹೋಗಿ ನೋಡಿದರೆ ಹುಡುಗ ಚಾಪೆಯ ಮೇಲೆ ಮುದುಡಿ ಮಲಗಿದ್ದಾನೆ. ನಾಲ್ಕು ದಿನಗಳಿಂದ ಜ್ವರ, ಊಟ ಕಂಡರೆ ವಾಕರಿಕೆ, ಮೂತ್ರ ಕಡು ಹಳದಿ. ಕಾಮಾಲೆ ಎಂದು ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. "ಹಸಿರು ಮದ್ದು ಕೊಡುವವರ ಬಳಿ ಕರಕೊಂಡು ಹೋಗಲೇ?" ಎಂದು ತಾಯಿ ಕೇಳಿದರು. "ಮೊದಲು ರಕ್ತಪರೀಕ್ಷೆ ಆಗಲಿ, ಆಮೇಲೆ ಉಳಿದ ಮಾತು" ಎಂದೆ. ಪುತ್ತೂರಿಗೆ ಕರೆದುಕೊಂಡು ಹೋದೆವು.

ಹುಡುಗ ಡಿಗ್ರಿಯ ಕೊನೆಯ ವರ್ಷದವನು. ಒಂದು ತಿಂಗಳ ಹಿಂದೆ ಗೆಳೆಯರೊಂದಿಗೆ ಅರಣ್ಯ ಇಲಾಖೆಯ ಅನುಮತಿ ಪಡೆದು ಕುಮಾರಪರ್ವತ ಹತ್ತಿ ಬಂದಿದ್ದ. ಗಲ್ಫಿನಲ್ಲಿರುವ ಮಾವ ಅದಕ್ಕೆಂದೇ ಒಂದು ಪುಟ್ಟ ಫಿಲ್ಟರ್ ಕಳುಹಿಸಿಕೊಟ್ಟಿದ್ದರು. ಅಂಗೈಯಷ್ಟು ಉದ್ದದ ಕೊಳವೆ. ಒಂದು ತುದಿಗೆ ನೀರಿನ ಚೀಲ ಸಿಕ್ಕಿಸಿ ಹಿಂಡಿದರೆ ಇನ್ನೊಂದು ತುದಿಯಿಂದ ತಿಳಿನೀರು ಬರುತ್ತದೆ. ಬೆಟ್ಟದ ತೊರೆಯಲ್ಲೂ ಹೊಳೆಯಲ್ಲೂ ಅದರಲ್ಲೇ ಸೋಸಿ ಕುಡಿದಿದ್ದರು. ಮನೆಗೆ ಬಂದ ಮೇಲೂ ಅದು ಮೂಲೆ ಸೇರಲಿಲ್ಲ. "ಉಮ್ಮಾ, ಇನ್ನು ನೀರು ಕುದಿಸುವ ಕೆಲಸವೇ ಬೇಡ, ಗ್ಯಾಸೂ ಉಳಿಯುತ್ತದೆ" ಎಂದು ಅಡಿಗೆಮನೆಯಲ್ಲೇ ನೇತುಹಾಕಿದ್ದ. ಇಡೀ ಮನೆ ಬಾವಿಯ ನೀರನ್ನು ಅದರಲ್ಲಿ ಸೋಸಿ ಕುಡಿಯತೊಡಗಿತ್ತು.

ಡಾಕ್ಟರ್ ಎಲ್ಲವನ್ನೂ ಕೇಳಿಸಿಕೊಂಡು, "ಮನೆಯಲ್ಲಿ ಗರ್ಭಿಣಿಯರು ಯಾರಾದರೂ ಇದ್ದಾರೆಯೇ?" ಎಂದು ಕೇಳಿದರು. ತಾಯಿಯ ಮುಖ ಬಿಳಿಚಿಕೊಂಡಿತು. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದ ಮಗಳು ಮನೆಯಲ್ಲಿದ್ದಳು, ಎಂಟನೇ ತಿಂಗಳು.

ಆ ಪ್ರಶ್ನೆಗೆ ಕಾರಣವಿದೆ. ನೀರಿನಿಂದ ಹರಡುವ ಕಾಮಾಲೆ ಮುಖ್ಯವಾಗಿ ಎರಡು ಬಗೆ: ಹೆಪಟೈಟಿಸ್ ಎ ಮತ್ತು ಹೆಪಟೈಟಿಸ್ ಇ. ಎರಡೂ ವೈರಸ್‌ಗಳೇ. ರೋಗಿಯ ಮಲ ನೀರಿಗೆ ಸೇರಿ, ಆ ನೀರು ಇನ್ನೊಬ್ಬರ ಬಾಯಿಗೆ ಹೋದಾಗ ಹರಡುತ್ತವೆ. ಹೆಚ್ಚಿನವರು ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಆದರೆ ಕೊನೆಯ ಮೂರು ತಿಂಗಳಲ್ಲಿರುವ ಗರ್ಭಿಣಿಗೆ ಹೆಪಟೈಟಿಸ್ ಇ ತಗುಲಿದರೆ 100ರಲ್ಲಿ 20ರಿಂದ 25 ಮಂದಿಯವರೆಗೂ ಸಾಯಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸುತ್ತದೆ.

"ಫಿಲ್ಟರ್ ಮಾಡಿಯೇ ಕುಡಿದಿದ್ದೇವಲ್ಲ ಡಾಕ್ಟರೇ?" ಎಂದು ತಾಯಿ ಅಳುದನಿಯಲ್ಲಿ ಕೇಳಿದರು. ಸಹೋದರಿಯರೇ, ಈ ತಿಂಗಳ ನಮ್ಮ ಮಾತು ಈ ಪ್ರಶ್ನೆಯ ಬಗ್ಗೆಯೇ.

ಆ ಕೊಳವೆಯೊಳಗೆ ಸೇಮಿಗೆ ಎಳೆಯಂಥ ನೂರಾರು ಟೊಳ್ಳು ನೂಲುಗಳಿರುತ್ತವೆ. ಮೂತ್ರಪಿಂಡ ಕೆಟ್ಟವರಿಗೆ ಡಯಾಲಿಸಿಸ್ ಮಾಡುವ ಯಂತ್ರದಲ್ಲಿರುವುದೂ ಇದೇ ಜಾತಿಯ ನೂಲುಗಳು. ನೂಲಿನ ಗೋಡೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ. ಇಂಥ ಫಿಲ್ಟರ್‌ಗಳಲ್ಲಿ ಸಾಮಾನ್ಯವಾಗಿ ರಂಧ್ರದ ಅಳತೆ 0.1 ಮೈಕ್ರಾನ್. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಮೈಕ್ರಾನ್, ಅದರ ಹತ್ತರಲ್ಲೊಂದು ಪಾಲು. ಟೈಫಾಯಿಡ್, ಕಾಲರಾ ತರುವ ಬ್ಯಾಕ್ಟೀರಿಯಾಗಳು ಅದಕ್ಕಿಂತ ದೊಡ್ಡವು, ಆಮಶಂಕೆಯ ಅಮೀಬಾ ಇನ್ನೂ ದೊಡ್ಡದು. ಅವು ನೂಲಿನ ಗೋಡೆ ದಾಟಲಾರವು. ಆದರೆ ಹೆಪಟೈಟಿಸ್ ಎ ವೈರಸ್‌ನ ಗಾತ್ರ ಸುಮಾರು 0.03 ಮೈಕ್ರಾನ್ ಮಾತ್ರ. ಅಕ್ಕಿ ಸೋಸುವ ಜರಡಿಯಲ್ಲಿ ರಾಗಿ ಹಾಕಿದ ಹಾಗೆ ಅದು ಜಾರಿಕೊಂಡು ಹೋಗುತ್ತದೆ. ಪೆಟ್ಟಿಗೆಯ ಮೇಲೆ ವೈರಸ್ ತಡೆಯುತ್ತದೆ ಎಂದು ಸ್ಪಷ್ಟವಾಗಿ ಬರೆದಿಲ್ಲದಿದ್ದರೆ ತಡೆಯುವುದಿಲ್ಲ ಎಂದೇ ತಿಳಿಯಬೇಕು.

ನಮ್ಮ ಹೊಳೆಯ ದಾರಿಯನ್ನೂ ನೋಡಿ. ಕುಮಾರಧಾರೆ ಪುಷ್ಪಗಿರಿಯ ಕಾಡಿನಲ್ಲಿ ಹುಟ್ಟುತ್ತದೆ. ಹಿಂದೆ ಸುಳ್ಯ ತಾಲೂಕಿನಲ್ಲಿದ್ದು ಈಗ ಕಡಬ ತಾಲೂಕಿಗೆ ಸೇರಿರುವ ಸುಬ್ರಹ್ಮಣ್ಯವನ್ನು ದಾಟಿ, ಪುತ್ತೂರು ತಾಲೂಕಿನ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಹುಟ್ಟುವಲ್ಲಿ ಅದು ಕನ್ನಡಿಯ ಹಾಗಿದೆ. ಆದರೆ 2024ರ ಜನವರಿ ಕೊನೆಯ ರಜೆಯಲ್ಲಿ ಆ ಬೆಟ್ಟಕ್ಕೆ ಜನ ಮುಗಿಬಿದ್ದದ್ದು ನೆನಪಿರಬಹುದು. ಆ ಬಳಿಕವೇ ಚಾರಣಕ್ಕೆ ಆನ್‌ಲೈನ್ ಅನುಮತಿಯ ಕ್ರಮ ಬಂತು. ಕಾಡಿನ ದಾರಿಯಲ್ಲಿ ಶೌಚಾಲಯ ಎಲ್ಲಿರುತ್ತದೆ? ನೀರಿನ ದಡದಲ್ಲಿ, ಜನ ನಡೆಯುವ ದಾರಿಯಲ್ಲಿ, ನೆರಳಿರುವಲ್ಲಿ ಮಲವಿಸರ್ಜನೆ ಮಾಡಬಾರದೆಂದು ಪ್ರವಾದಿಯವರು(ಸ) ತಾಕೀತು ಮಾಡಿದ್ದನ್ನು ನಾವು ಮದ್ರಸದ ಚಿಕ್ಕ ತರಗತಿಯಲ್ಲೇ ಕಲಿತಿದ್ದೇವೆ. ಬೆಟ್ಟ ಹತ್ತುವ ಮಕ್ಕಳಿಗೆ ಅದನ್ನು ನೆನಪಿಸಬೇಕು.

ಮದ್ರಸದಲ್ಲಿ ಕಲಿತ ಇನ್ನೊಂದು ಪಾಠವೂ ಇಲ್ಲಿ ಬೇಕು. ನೀರಿನ ಬಣ್ಣ, ರುಚಿ, ವಾಸನೆ ಕೆಟ್ಟಿದೆಯೇ ಎಂದು ನೋಡಲು ನಮಗೆ ಕಲಿಸಿದ್ದಾರೆ. ಅದು ವುಝೂವಿಗೆ, ಶುದ್ಧೀಕರಣಕ್ಕೆ ಸಂಬಂಧಿಸಿದ ಪಾಠ. ಹರಿಯುವ ಹೊಳೆಯ ನೀರಲ್ಲಿ ಧಾರಾಳವಾಗಿ ವುಝೂ ಮಾಡಬಹುದು. ಆದರೆ ರೋಗಾಣುವಿಗೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ವುಝೂವಿಗೆ ಆಗುವ ನೀರೆಲ್ಲ ಕುಡಿಯಲಿಕ್ಕೂ ಆಗುತ್ತದೆ ಎಂದುಕೊಳ್ಳುವುದು ನಮ್ಮ ತಪ್ಪೇ ಹೊರತು ಆ ಪಾಠದ ತಪ್ಪಲ್ಲ.

ಹಾಗಾದರೆ ಫಿಲ್ಟರ್ ಬಿಸಾಡಬೇಕೇ? ಖಂಡಿತ ಬೇಡ. ಅದರ ಕೆಲಸ ಅದು ಮಾಡುತ್ತದೆ, ಉಳಿದ ಕೆಲಸ ನಾವು ಮಾಡಬೇಕು. ಸೋಸಿದ ನೀರನ್ನು ಗುಳುಗುಳು ಕುದಿಸಿ, ಕುದಿ ಬಂದ ಮೇಲೆ ಒಂದು ನಿಮಿಷ ಬಿಟ್ಟರೆ ವೈರಸ್ ಸಾಯುತ್ತದೆ. 2000 ಮೀಟರಿಗಿಂತ ಎತ್ತರದ ಜಾಗವಾದರೆ ಮೂರು ನಿಮಿಷ ಬೇಕು. ಕುಮಾರಪರ್ವತದ ಎತ್ತರ ಸುಮಾರು 1712 ಮೀಟರ್, ಒಂದು ನಿಮಿಷ ಸಾಕು. ಬೆಂಕಿ ಹಚ್ಚಲಾಗದ ಕಾಡಿನಲ್ಲಿ ಮೆಡಿಕಲ್‌ನಲ್ಲಿ ಸಿಗುವ ಕ್ಲೋರಿನ್ ಮಾತ್ರೆಯನ್ನು ಚೀಟಿಯಲ್ಲಿ ಬರೆದ ಅಳತೆಯಂತೆ ಹಾಕಿ, ಅದರಲ್ಲಿ ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ ಅರ್ಧ ಗಂಟೆ, ಕಾದು ಕುಡಿಯಬೇಕು. ಕ್ಲೋರಿನ್‌ಗೆ ಸುಲಭವಾಗಿ ಜಗ್ಗದ ಅಮೀಬಾದಂಥವನ್ನು ಫಿಲ್ಟರ್ ಹಿಡಿಯುತ್ತದೆ, ಫಿಲ್ಟರ್‌ಗೆ ಸಿಗದ ವೈರಸ್ಸನ್ನು ಕ್ಲೋರಿನ್ ಕೊಲ್ಲುತ್ತದೆ.

ಕೆಸರು ನೀರು ಫಿಲ್ಟರಿನ ದೊಡ್ಡ ಶತ್ರು. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಕಡೆ ಗುಡ್ಡ ಕುಸಿದು ಪಯಸ್ವಿನಿ ಕೆಂಪಾಗಿ ಹರಿದದ್ದನ್ನು ಸುಳ್ಯದವರು ಮರೆತಿಲ್ಲ. ಅಂಥ ನೀರನ್ನು ನೇರವಾಗಿ ಹಾಕಿದರೆ ನೂಲುಗಳು ಬೇಗನೆ ಕಟ್ಟಿಕೊಳ್ಳುತ್ತವೆ. ಪಾತ್ರೆಯಲ್ಲಿ ಕೆಲವು ಗಂಟೆ ಇಟ್ಟು ಕೆಸರು ತಳಕ್ಕಿಳಿದ ಮೇಲೆ, ಮೇಲಿನ ನೀರನ್ನು ಹಳೆಯ ಹತ್ತಿ ಬಟ್ಟೆಯಲ್ಲಿ ಸೋಸಿ ಆಮೇಲೆ ಫಿಲ್ಟರ್‌ಗೆ ಹಾಕಬೇಕು. ಬಟ್ಟೆಯನ್ನು ಹಗುರವಾಗಿ ಕಾಣಬೇಡಿ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆಯ ಸೀರೆಯನ್ನು ಹಲವು ಮಡಿಕೆ ಮಾಡಿ ನೀರು ಸೋಸಿದ್ದರಿಂದ ಕಾಲರಾ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು ಎಂದು 2003ರಲ್ಲಿ ಪ್ರಕಟವಾದ ಅಧ್ಯಯನ ಹೇಳಿದೆ.

ಬಳಸುವಾಗ ಹಸಿ ನೀರಿಗೆ ಒಂದು ಚೀಲ, ಸೋಸಿದ ನೀರಿಗೆ ಇನ್ನೊಂದು ಬಾಟಲಿ ಇರಲಿ. ಒಂದಕ್ಕೆ ಕೆಂಪು ದಾರ ಕಟ್ಟಿ, ಅದಲುಬದಲಾಗಬಾರದು. ನೀರು ಹೊರಬರುವ ತುದಿಗೆ ಹೊಳೆಯ ಹನಿಯಾಗಲಿ, ತೊಳೆಯದ ಕೈಯಾಗಲಿ ತಾಗಕೂಡದು. ನೀರು ನಿಧಾನವಾದರೆ ಸಿಟ್ಟಿನಿಂದ ಚೀಲ ಹಿಂಡಬೇಡಿ, ಒಡೆಯುತ್ತದೆ. ಜೊತೆಗೆ ಬಂದ ಸಿರಿಂಜಿನಲ್ಲಿ ಶುದ್ಧ ನೀರು ತುಂಬಿ, ಹೊರಬರುವ ತುದಿಯಿಂದ ಒಳಕ್ಕೆ ಒತ್ತಿ ಹಿಮ್ಮುಖವಾಗಿ ತೊಳೆಯಿರಿ. ಕಟ್ಟಿಕೊಂಡ ಕೆಸರು ಬಂದ ದಾರಿಯಲ್ಲೇ ಹೋಗುತ್ತದೆ. ತೊಳೆಯಲು ಹಸಿ ನೀರು ಬಳಸಿದರೆ ಶುದ್ಧವಾದ ಬದಿಯೇ ಹಾಳು. ಮನೆಗೆ ಬಂದ ಮೇಲೆ ಇನ್ನೊಮ್ಮೆ ತೊಳೆದು, ನೀರು ಕೊಡವಿ, ಮುಚ್ಚಳ ತೆಗೆದು ನೆರಳಲ್ಲಿ ಪೂರ್ತಿ ಒಣಗಿಸಿ. ಒದ್ದೆಯಾಗಿಯೇ ಕಟ್ಟಿಟ್ಟರೆ ನಮ್ಮ ಊರಿನ ಮಳೆಗಾಲದಲ್ಲಿ ಬೂಸ್ಟು ಹಿಡಿಯುವುದು ಖಚಿತ. ಕುದಿಯುವ ನೀರು ಅದಕ್ಕೆ ಹಾಕಬೇಡಿ.

ಒಮ್ಮೆ ನೆನೆದ ಫಿಲ್ಟರನ್ನು ಫ್ರೀಜರಿನಲ್ಲಿ ಇಡಲೇಬಾರದು. ಒಳಗಿನ ನೀರು ಮಂಜುಗಡ್ಡೆಯಾಗಿ ಹಿಗ್ಗಿ ನೂಲುಗಳನ್ನು ಸೀಳುತ್ತದೆ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ, ನೀರು ಮೊದಲಿಗಿಂತ ಚೆನ್ನಾಗಿಯೇ ಬರುತ್ತದೆ, ರೋಗಾಣುಗಳೂ ಬರುತ್ತವೆ. ನೆರೆಮನೆಯ ಆ ಫಿಲ್ಟರ್ ಕೂಡ ತಣ್ಣಗೆ ನೀರು ಸಿಗಲೆಂದು ಎರಡು ರಾತ್ರಿ ಫ್ರೀಜರಿನಲ್ಲಿ ಮಲಗಿತ್ತೆಂದು ಆಮೇಲೆ ಗೊತ್ತಾಯಿತು.

ಇನ್ನೊಂದು ಮಾತು. ಅಡಿಕೆಗೆ ಮದ್ದು ಬಿಡುವ ಮಳೆಗಾಲದಲ್ಲಿ ಮೈಲುತುತ್ತು ತೋಟದಿಂದ ತೊರೆಗೂ ಇಳಿಯುತ್ತದೆ. ಕಳೆನಾಶಕವೂ ಹಾಗೆಯೇ. ನೀರಿನಲ್ಲಿ ಕರಗಿದ್ದನ್ನು ಈ ಫಿಲ್ಟರ್ ಹಿಡಿಯದು, ಕುದಿಸಿದರೂ ಹೋಗದು. ತೋಟಕ್ಕಿಂತ ಮೇಲಿನ ನೀರನ್ನೇ ಹುಡುಕಬೇಕು, ಬಾವಿಯ ಕಟ್ಟೆ ಎತ್ತರಿಸಬೇಕು.

ಹುಡುಗನ ಪರೀಕ್ಷೆಯಲ್ಲಿ ಬಂದದ್ದು ಹೆಪಟೈಟಿಸ್ ಎ. ಅದು ಮೈಗೆ ಸೇರಿ ಕಾಣಿಸಿಕೊಳ್ಳಲು ಎರಡರಿಂದ ಏಳು ವಾರ ಬೇಕು. ಹೊಳೆಯ ನೀರಿನಿಂದ ಬಂತೋ, ದಾರಿಯ ಅಂಗಡಿಯ ಜ್ಯೂಸಿನ ಮಂಜುಗಡ್ಡೆಯಿಂದ ಬಂತೋ ಹೇಳಲಾಗದು ಎಂದರು ಡಾಕ್ಟರ್. ಮಗಳ ರಕ್ತವನ್ನೂ ಪರೀಕ್ಷಿಸಿದರು. ವರದಿ ಬರುವವರೆಗೆ ಆ ತಾಯಿ ಮುಸಲ್ಲಾ ಬಿಟ್ಟು ಏಳಲಿಲ್ಲ. ಮಗಳಿಗೆ ಏನೂ ಇರಲಿಲ್ಲ, ಅಲ್ ಹಮ್ದುಲಿಲ್ಲಾಹ್.

ಮನೆಯ ಅಜ್ಜಿ ಆಗ ಬಾಯಿ ಬಿಟ್ಟರು: "ಅವಳಿಗೆ ಆ ಕೊಳವೆ ನೀರು ನಾನು ಕೊಡಲೇ ಇಲ್ಲ. ಬಸುರಿಗೆ ಜೀರಿಗೆ ಹಾಕಿ ಕುದಿಸಿದ ನೀರೇ ಕೊಡುವುದು ನಮ್ಮ ಕ್ರಮ." ಆ ಒಂದು ತಿಂಗಳು ಮೊಮ್ಮಕ್ಕಳು "ಅಜ್ಜಿಯ ಹಳೇ ಕಾಲ" ಎಂದು ನಗುತ್ತಿದ್ದರಂತೆ. ಅಜ್ಜಿಗೆ ವೈರಸ್ ಗೊತ್ತಿಲ್ಲ, ಮೈಕ್ರಾನ್ ಗೊತ್ತಿಲ್ಲ. ಒಲೆಯ ಮೇಲೆ ನೀರು ಕುದಿಯಬೇಕೆಂಬುದು ಗೊತ್ತಿತ್ತು.

ಮಗಳು ಫೆಬ್ರವರಿಯಲ್ಲಿ ಗಂಡುಮಗುವಿಗೆ ಜನ್ಮ ಕೊಟ್ಟಳು. ಹುಡುಗ ಮಾತ್ರ ಎಣ್ಣೆ ಪದಾರ್ಥವಿಲ್ಲದೆ ತಿಂಗಳು ಕಳೆದ. ಈಗ ಹೊಸ ಫಿಲ್ಟರ್ ತಂದಿದ್ದಾನೆ. ಅದರ ಚೀಲದಲ್ಲೇ ಕ್ಲೋರಿನ್ ಮಾತ್ರೆಯ ಪಟ್ಟಿಯೂ ಇದೆ, ಇಟ್ಟವರು ಅವನ ಉಮ್ಮ.

ನಿಮ್ಮ ಮಕ್ಕಳೂ ಈ ಸಲ ಬೆಟ್ಟಕ್ಕೋ ಕ್ಯಾಂಪಿಗೋ ಹೊರಟರೆ ಹೋಗಬೇಡ ಎನ್ನಬೇಡಿ. ಅಲ್ಲಾಹನ ಸೃಷ್ಟಿಯನ್ನು ಅವರು ನೋಡಲಿ. ಬ್ಯಾಗ್ ಕಟ್ಟುವಾಗ ಮಾತ್ರ ಒಮ್ಮೆ ಪಕ್ಕದಲ್ಲಿ ಕುಳಿತು, "ಮಗಾ, ನೀರಿಗೆ ಏನು ಮಾಡಿದ್ದೀ?" ಎಂದು ಕೇಳಿ.